ಡೇಟ್ ಅಲ್ದಿದ್ರೂ ಕಾಣೋ ಕಲೆ: ಒಂದು ಆಪ್ತಸಲಹೆ ಪ್ರಕರಣ

ನಿದ್ದೆ ಬರ್ತಿಲ್ಲ, ಕೆಲಸದಲ್ಲಿ ಗಮನ ಇಲ್ಲ, ಸುಮ್ಮಸುಮ್ಮನೆ ಅಳು ಬರತ್ತೆ ಅಂತ ಬಂದೋರು ಇವ್ರು. ವಯಸ್ಸು 27, ಮದುವೆಯಾಗಿದೆ, ಸದ್ಯಕ್ಕೆ ಮಕ್ಕಳು ಬೇಡ ಅಂತ ಇಬ್ರೂ ಮಾತಾಡ್ಕೊಂಡಿದಾರೆ. ಗುರುತು ಸಿಗ್ದೇ ಇರ್ಲಿ ಅಂತ ಒಂದಷ್ಟು ವಿವರ ಬದಲಾಯಿಸಿದೀನಿ, ಎಸ್ ಅಂತ ಕರೀತೀನಿ.

ತುಂಬ ಹೊತ್ತು ಬರೀ ಆಫೀಸ್ ವಿಷ್ಯನೇ ಹೇಳಿದ್ರು. ಎದ್ದು ಹೊರಡೋ ಹೊತ್ಗೆ "ಮೇಡಂ, ಇನ್ನೊಂದಿತ್ತು, ಡೇಟ್ ಅಲ್ದಿದ್ರೂ ಕಲೆ ಕಾಣತ್ತೆ" ಅಂದ್ರು, ನನ್ನ ಮುಖ ನೋಡ್ದೆ ಬ್ಯಾಗಿನ ಜಿಪ್ ಎಳೀತಾ. ಅಂದ್ರೆ ಮುಟ್ಟಿನ ದಿನ ಅಲ್ದಿದ್ರೂ ರಕ್ತದ ಕಲೆ. ಮತ್ತೆ ಕೂರಿಸ್ದೆ. ಕಂದು ಬಣ್ಣ, ಪ್ಯಾಡ್ ಹಾಕೋವಷ್ಟಿಲ್ಲ, ಒಳಉಡುಪಿನ ಮೇಲೆ ಒಂದು ಗುರುತು ಅಷ್ಟೇ, ಕೆಲವೊಮ್ಮೆ ಒರೆಸಿದಾಗ ತೆಳು ಗುಲಾಬಿ. ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಹುಡುಕಿ ಹುಡುಕಿ ಒಂದಿನ ಅಂಡ ಬಿಡುಗಡೆ ಆಗೋ ಟೈಮ್ ಅಂತ ಸಮಾಧಾನ, ಮಾರನೇ ದಿನ ಕ್ಯಾನ್ಸರೇ ಅಂತ ತೀರ್ಮಾನ, ಗಂಡಂಗೂ ಹೇಳಿಲ್ಲ.

ನಾನು ಡಾಕ್ಟರ್ ಅಲ್ಲ, ಕಾಯಿಲೆ ಏನು ಅಂತ ಹೇಳೋದು ನನ್ನ ಕೆಲ್ಸ ಅಲ್ಲ ಅಂತ ಮೊದಲೇ ಹೇಳ್ದೆ. ಆದ್ರೆ ಡಾಕ್ಟರ್ ಮುಂದೆ ಕೂತು "ಪೀರಿಯಡ್ಸ್ ಸರಿ ಇಲ್ಲ" ಅಂತ ಅಷ್ಟೇ ಹೇಳಿದ್ರೆ ಅವ್ರೂ ಕತ್ತಲಲ್ಲಿ ತಡಕಾಡ್ಬೇಕಾಗತ್ತೆ. ಕಲೆ ಒಂದೇ ಇಟ್ಕೊಂಡು ಏನೂ ಗೊತ್ತಾಗಲ್ಲ, ಯಾವ ದಿನ ಬಂತು, ಏನಾದ್ಮೇಲೆ ಬಂತು, ಜೊತೆಗೆ ಇನ್ನೇನಿತ್ತು ಅನ್ನೋದ್ರಲ್ಲೇ ಅರ್ಧ ಉತ್ತರ ಇರತ್ತೆ. ಹಾಗಾಗಿ ಒಂದು ಹಾಳೆ ತಗೊಂಡು ಇಬ್ರೂ ಸೇರಿ ತಾರೀಖು ಹಾಕ್ತಾ ಹೋದ್ವಿ.

ಆಗ ಹೊರಗೆ ಬಂತು ನೋಡಿ, ಇತ್ತೀಚೆಗೆ ಗರ್ಭನಿರೋಧಕ ಮಾತ್ರೆ ಶುರು ಮಾಡಿದಾರೆ, 21 ಹಾರ್ಮೋನ್ ಮಾತ್ರೆ, 7 ಖಾಲಿ ಮಾತ್ರೆ ಇರೋದು, ಇನ್ನೂ ಎರಡನೇ ಪ್ಯಾಕ್. ಶಿಫ್ಟ್ ಕೆಲಸ, ಹಂಗಾಗಿ ಒಂದಿನ ರಾತ್ರಿ ತಗೊಂಡ್ರೆ ಇನ್ನೊಂದಿನ ಮಧ್ಯಾಹ್ನ, ನಡುನಡುವೆ ಮರ್ತೇ ಹೋಗಿದಾರೆ. ಕಲೆ ಕಂಡಾಗ ಈ ಮಾತ್ರೆ ನಂಗಾಗಲ್ಲ ಅಂತ ಪ್ಯಾಕ್ ಮಧ್ಯದಲ್ಲೇ ನಿಲ್ಲಿಸಿದಾರೆ, ಎರಡ್ಮೂರು ದಿನಕ್ಕೆ ಪೀರಿಯಡ್ಸ್ ಥರಾನೇ ಬ್ಲೀಡಿಂಗ್ ಶುರುವಾಗಿದೆ. ಅವ್ರು ಜಾಸ್ತಿ ಹೆದರಿದ್ದೇ ಇದಕ್ಕೆ, "ನಿಲ್ಲಿಸಿದ್ರೂ ಹೆಚ್ಚಾಯ್ತಲ್ಲ ಮೇಡಂ, ಒಳಗೇನೋ ಆಗಿದೆ" ಅಂತ.

ಮಾತ್ರೆಯಲ್ಲಿರೋ ಹಾರ್ಮೋನು ಗರ್ಭಕೋಶದ ಒಳಪದರಾನ ತೆಳುವಾಗಿಸಿ ಹಿಡಿದಿಟ್ಟಿರತ್ತೆ. ಹೊಸದಾಗಿ ಶುರು ಮಾಡಿದ ಮೊದಲ ಮೂರು ತಿಂಗಳು, ಇಲ್ಲಾ ಮಾತ್ರೆ ತಪ್ಪಿದಾಗ, ಆ ಹಿಡಿತ ಸಡಿಲವಾಗಿ ಪದರ ಚೂರುಚೂರು ಉದುರೋದು ತುಂಬ ಸಾಮಾನ್ಯ, ನಿಧಾನಕ್ಕೆ ಇಳಿಯೋ ಹಳೇ ರಕ್ತ ಆಗಿರೋದ್ರಿಂದ ಬಣ್ಣ ಕಂದು. ಪೂರ್ತಿ ನಿಲ್ಲಿಸಿಬಿಟ್ರೆ ಪೂರ್ತಿ ಉದುರತ್ತೆ, ಖಾಲಿ ಮಾತ್ರೆ ವಾರದಲ್ಲಿ ಬರೋ ಬ್ಲೀಡಿಂಗೂ ಇದೇ. ನೆಟ್‌ನಲ್ಲಿ ಓದಿದ ಅಂಡದ ಕಥೆ ಸುಳ್ಳಲ್ಲ, ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ ಕೆಲವ್ರಿಗೆ ಒಂದೆರಡು ದಿನ ಕಲೆ ಕಾಣತ್ತೆ, ಆದ್ರೆ ಇವ್ರ ಲೆಕ್ಕಕ್ಕೆ ಅದು ಹೊಂದಲ್ಲ, ಈ ಮಾತ್ರೆಯ ಮುಖ್ಯ ಕೆಲ್ಸನೇ ಅಂಡ ಬಿಡುಗಡೆ ತಡೆಯೋದು.

ಇಲ್ಲಿಗೇ ಬಿಟ್ಟಿದ್ರೆ ಎಲ್ಲ ಸುಲಭ ಇತ್ತು. ಆದ್ರೆ ಗಂಡನ ಜೊತೆ ಸೇರಿದ ಮೇಲೆ ಯಾವತ್ತಾದ್ರೂ ರಕ್ತ ಕಂಡಿದ್ಯಾ ಅಂತ ಕೇಳ್ಲೇಬೇಕು, ಕೇಳ್ದೆ. ಸುಮಾರು ಹೊತ್ತು ಸುಮ್ಮನಿದ್ದು "ಎರಡು ಸಲ" ಅಂದ್ರು. ಮಾತ್ರೆಯ ತಲೆಮೇಲೆ ಎಲ್ಲಾನೂ ಹಾಕಿ ಮನೆಗೆ ಕಳಿಸೋ ಹಾಗಿರಲಿಲ್ಲ. ಹೀಗೆ ಬರೋ ರಕ್ತಕ್ಕೆ ಗರ್ಭಕೊರಳಿನ (ಗರ್ಭಕೋಶದ ಬಾಯಿಯ) ಸೋಂಕು, ಪಾಲಿಪ್ ಅನ್ನೋ ಸಣ್ಣ ಗಂಟು ಅಥವಾ ಅಲ್ಲಿನ ಮೃದು ಪದರ ಹೊರಗೆ ಬಂದಿರೋದು ಕಾರಣ ಇರ್ಬಹುದು, ಅಪರೂಪಕ್ಕೆ ಗರ್ಭಕೊರಳಿನ ಕ್ಯಾನ್ಸರೂ, ಕಣ್ಣಲ್ಲಿ ನೋಡ್ದೆ ಯಾವ್ದೂ ಹೇಳಕ್ಕಾಗಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲು ಪ್ರೆಗ್ನೆನ್ಸಿ ಟೆಸ್ಟ್, ಯಾಕಂದ್ರೆ ಮಾತ್ರೆ ನಿಲ್ಲಿಸಿದ ಮೇಲೂ ಸಂಪರ್ಕ ಆಗಿದೆ, ಈಗ ನೆಗೆಟಿವ್ ಬಂದ್ರೂ ಕೊನೆಯ ಸಂಪರ್ಕದಿಂದ ಮೂರು ವಾರ ಬಿಟ್ಟು ಇನ್ನೊಂದು ಸಲ ಮಾಡ್ಬೇಕು, ಅಲ್ಲೀವರೆಗೂ ಕಾಂಡೋಮ್. ಆ ವಾರದಲ್ಲೇ ಸ್ತ್ರೀರೋಗ ತಜ್ಞರ ಹತ್ರ ಆ ಹಾಳೆ ತಗೊಂಡು ಹೋಗ್ಬೇಕು. ಬೇರೆ ಮಾತ್ರೆ ಏನಾದ್ರೂ ನುಂಗ್ತಿದ್ರೆ ಅದನ್ನೂ ಹೇಳ್ಬೇಕು, ಟಿಬಿ ಮಾತ್ರೆ, ಫಿಟ್ಸ್‌ನ ಕೆಲವು ಮಾತ್ರೆ ಗರ್ಭನಿರೋಧಕದ ಶಕ್ತಿ ಕಡಿಮೆ ಮಾಡತ್ವೆ. ಒಳಗೆ ಪರೀಕ್ಷೆ ಮಾಡಿಸ್ಕೊಳ್ಳೋಕೆ ಭಯ ಅಂದ್ರು, ಜೊತೆಗೆ ಒಬ್ರು ನರ್ಸ್ ಇರ್ಲಿ ಅಂತ ಕೇಳ್ಬಹುದು, ನೋವಾದ್ರೆ ನಿಲ್ಸಿ ಅನ್ನಬಹುದು, ಅನ್ನೋದನ್ನ ಅಲ್ಲೇ ಎರಡು ಸಲ ಬಾಯಲ್ಲಿ ಹೇಳಿಸ್ದೆ. ಇದು ನಾಟಕ ಅನ್ಸತ್ತೆ, ಆದ್ರೆ ಅಲ್ಲಿ ಹೋಗಿ ಮಲಗಿದ ಮೇಲೆ ಮಾತೇ ಹೊರಡಲ್ಲ ಎಷ್ಟೋ ಜನಕ್ಕೆ.

ಕಾಯದೇ ಎಮರ್ಜೆನ್ಸಿಗೆ ಹೋಗೋ ಲಕ್ಷಣಾನೂ ಬರೆದುಕೊಟ್ಟೆ: ಕಿಬ್ಬೊಟ್ಟೆಯ ಒಂದೇ ಕಡೆ ಜೋರು ನೋವು, ಭುಜದ ತುದಿ ನೋವು, ತಲೆ ಸುತ್ತಿ ಬೀಳೋ ಹಾಗಾಗೋದು, ಗರ್ಭ ಗರ್ಭಕೋಶದ ಬದಲು ಅಂಡನಾಳದ ಟ್ಯೂಬಿನಲ್ಲಿ ಕೂತಿದ್ರೆ ಹೀಗಾಗತ್ತೆ, ಆಗಲೂ ಶುರುವಿಗೆ ಕಾಣೋದು ಬರೀ ಕಲೆನೇ. ಗಂಟೆಗೊಂದು ಪ್ಯಾಡ್ ನೆನೆಯೋ ರಕ್ತ, ಜ್ವರದ ಜೊತೆ ವಾಸನೆ ಬರೋ ಬಿಳಿ ಸ್ರಾವ, ಇವಕ್ಕೂ ಕಾಯೋ ಹಾಗಿಲ್ಲ.

ಮುಂದಿನ ಸಲ ಬಂದಾಗ ಮುಖ ನೋಡಿನೇ ಮಾತಾಡಿದ್ರು. ಎರಡು ಪ್ರೆಗ್ನೆನ್ಸಿ ಟೆಸ್ಟೂ ನೆಗೆಟಿವ್, ಗರ್ಭಕೊರಳಿನ ಜೀವಕೋಶ ತೆಗೆದು ನೋಡೋ ಪ್ಯಾಪ್ ಟೆಸ್ಟ್ ನಾರ್ಮಲ್, ಸೋಂಕಿಲ್ಲ, ಗರ್ಭಕೊರಳಿನ ಒಳಗಿನ ಮೃದು ಪದರ ಹೊರಗೆ ಕಾಣ್ತಿದೆ, ಮುಟ್ಟಿದ್ರೆ ರಕ್ತ ಬರತ್ತೆ, ಮಾತ್ರೆ ತಗೊಳ್ಳೋರಲ್ಲಿ ಇದು ಹೆಚ್ಚು, ಕ್ಯಾನ್ಸರ್ ಅಲ್ಲ ಅಂತ ಡಾಕ್ಟರ್ ಹೇಳಿದಾರೆ. ಹೊಸ ಪ್ಯಾಕ್ ಶುರು, ಮೊದಲ 7 ದಿನ ಕಾಂಡೋಮ್ ಜೊತೆಗೆ, ಫೋನಲ್ಲಿ ಒಂದೇ ಟೈಮಿಗೆ ಅಲಾರಾಂ, ಒಂದು ಮರೆತ್ರೆ ನೆನಪಾದ ತಕ್ಷಣ ತಗೊಂಡು ಮುಂದುವರಿಸೋದು, ಎರಡು ಅಥವಾ ಜಾಸ್ತಿ ತಪ್ಪಿದ್ರೆ ಮತ್ತೆ 7 ದಿನ ಕಾಂಡೋಮ್. ಗಂಡಂಗೆ ಹೇಳಿದಾರೆ, ಅಲಾರಾಂ ಇಟ್ಟಿದ್ದು ಅವ್ರೇ ಅಂತೆ. ಮೂರು ತಿಂಗಳು ಕಳೆದ್ರೂ ಕಲೆ ನಿಲ್ದಿದ್ರೆ ಮತ್ತೆ ತೋರಿಸ್ಬೇಕು.

ಹೊರಡುವಾಗ ಈ ಸಲಾನೂ ಒಂದು ಉಳಿದಿತ್ತು. "ಅಮ್ಮಂಗೆ ಮುಟ್ಟು ನಿಂತು ಮೂರು ವರ್ಷ ಆಯ್ತು, ಈಗ ಸ್ವಲ್ಪ ಕಲೆ ಕಾಣತ್ತಂತೆ, ಅದೂ ಹಿಂಗೇ ತಾನೇ ಮೇಡಂ?" ಅಲ್ಲ ಅಂದೆ. ಮುಟ್ಟು ನಿಂತು 12 ತಿಂಗಳು ದಾಟಿದ ಮೇಲೆ ಒಂದು ತೊಟ್ಟು ಕಂಡ್ರೂ ಅದಕ್ಕೆ ಅಲಾರಾಂ ಇಟ್ಟು ಕಾಯೋದು ಏನೂ ಇಲ್ಲ, ಗರ್ಭಕೋಶದ ಒಳಪದರ ಪರೀಕ್ಷೆ ಆಗ್ಲೇಬೇಕು. ಅಲ್ಲೇ ಕೂತು ಅಮ್ಮಂಗೆ ಫೋನ್ ಮಾಡಿದ್ರು.