ಭಾನುವಾರದ ಡ್ಯೂಟಿ ಮತ್ತು ಊಟದ ಮೇಜಿನ ನಗು

ಕಾರವಾರದ ಹೋಟೆಲ್ ಕೆಲಸದಲ್ಲಿ ಭಾನುವಾರವೂ ಡ್ಯೂಟಿ, ಊಟಕ್ಕೆ ಮುಂಚೆ ಶಿಲುಬೆ ಗುರುತು ಹಾಕಿದರೆ ಜೊತೆಯವರು ನಗುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ.

ಭಾನುವಾರದ್ದು ಅಷ್ಟು ಕಷ್ಟ ಅಲ್ಲ. ನೀವು ಕಥೋಲಿಕರಾದರೆ ಭಾನುವಾರದ ಬದಲು ಶನಿವಾರ ಸಂಜೆಯ ಬಲಿಪೂಜೆಗೆ (ಚರ್ಚಿನ ಮಾಸ್‌ಗೆ) ಹೋದರೂ ಆಗುತ್ತದೆ. ಕಥೋಲಿಕ ಧರ್ಮಸಭೆಯ 1983ರ ಕಾನೂನಿನಲ್ಲೇ ಅದಕ್ಕೆ ಅವಕಾಶ ಇದೆ. ಕ್ರಿಸ್‌ಮಸ್‌ಗೆ ರಜೆ ಬೇಕಾದರೆ ದೀಪಾವಳಿಗೆ ನೀವು ಡ್ಯೂಟಿಗೆ ನಿಲ್ಲಿ, ಯಾರೂ ಬೇಡ ಅನ್ನಲ್ಲ.

ನಗುವುದೇ ಜಾಸ್ತಿ ಚುಚ್ಚುವುದು, ಅಲ್ವಾ? ನಾನೂ ಹೋಟೆಲಿನಲ್ಲಿದ್ದವನೇ. ಮೊದಮೊದಲು ಯಾರಿಗೂ ಕಾಣದಂತೆ ಮೇಜಿನ ಕೆಳಗೆ ಹೆಬ್ಬೆರಳಲ್ಲಿ ಗುರುತು ಹಾಕುತ್ತಿದ್ದೆ. "ತುರಿಕೆನಾ?" ಅಂತ ಒಬ್ಬ ಕೇಳಿದ. ನಾಚಿಕೆಯಾಯಿತು. ಮರುದಿನದಿಂದ ಎಲ್ಲರ ಮುಂದೆಯೇ ಹಾಕಿದೆ. ಒಂದು ವಾರ ನಕ್ಕರು, ಆಮೇಲೆ ಅವರಿಗೇ ಬೇಜಾರು ಬಂತು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ನಾವು ಮಾಂಸ ತಿನ್ನಲ್ಲ, ಮೀನು ಆಗುತ್ತದೆ. ಅಂಥ ಒಂದು ಶುಕ್ರವಾರ ಅದೇ ಹುಡುಗ, ನಾನು ಕೇಳದೇ ಇದ್ದರೂ, ನನ್ನ ತಟ್ಟೆಗೆ ಚಿಕನ್ ಬದಲು ಎರಡು ಬಂಗಡೆ ಹಾಕಿ ಹೋದ.

ಬೈಬಲಿನಲ್ಲಿ ದಾನಿಯೇಲನ ಪುಸ್ತಕದ 1ನೇ ಅಧ್ಯಾಯ ಒಮ್ಮೆ ಓದಿ. ದಾನಿಯೇಲ ಬಾಬಿಲೋನಿನ ಅರಮನೆಗೆ ಸೆರೆಯಾಗಿ ಹೋದ ಯೆಹೂದಿ ಹುಡುಗ. ತನ್ನ ಧರ್ಮಕ್ಕೆ ಒಗ್ಗದ ಅಲ್ಲಿನ ಊಟ ಬೇಡ ಅನ್ನಲು ಅವನು ಜಗಳ ತೆಗೆಯಲಿಲ್ಲ. ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ನೋಡಿ ಅಂದ. ಬಾಬಿಲೋನಿನ ಹೆಸರಿಟ್ಟರು, ಅಲ್ಲಿನ ಭಾಷೆ ಕಲಿಸಿದರು, ಅದಕ್ಕೆಲ್ಲ ತಕರಾರು ಮಾಡಲಿಲ್ಲ.

ಹಾಗಾಗಿ ಪಾರ್ಟಿಗೆ ಹೋಗಿ, ಕುಡಿಯಲು ಮನಸ್ಸಿಲ್ಲದಿದ್ದರೆ ಕೋಕಂ ಶರಬತ್ತು ಹಿಡಿದು ಕೂತುಕೊಳ್ಳಿ. ಆದರೆ ಸುಳ್ಳು ಬಿಲ್ ಬರೆ ಅಂದರೆ ಮಾತ್ರ ಆಗಲ್ಲ ಅಂತ ಮೊದಲ ಸಲವೇ ಹೇಳಿಬಿಡಿ. ಎರಡನೇ ಸಲಕ್ಕೆ ಬಾಯಿ ಬರುವುದಿಲ್ಲ.