ಮಂಡಿನೋವಿನ ತಂದೆಯವರಿಗೆ ಕ್ಲಚ್ ಇಲ್ಲದ ಕಾರು

ತೀರ್ಥಹಳ್ಳಿಯ ಬಳಿ ಇರುವ, ಮಂಡಿನೋವಿನಿಂದ ಕ್ಲಚ್ ತುಳಿಯಲಾಗದ ತಮ್ಮ ತಂದೆಯವರಿಗೆ ಯಾವ ಚಿಕ್ಕ ಆಟೊಮ್ಯಾಟಿಕ್ ಕಾರು ಒಳ್ಳೆಯದೆಂದು ಕೇಳಿದ್ದೀರಿ. ನನ್ನ ಮತ ಮಾರುತಿ ವ್ಯಾಗನ್‌ಆರ್‌ನ 1.2 ಲೀಟರ್ ಎಎಂಟಿ ಆಟೊಮ್ಯಾಟಿಕ್‌ಗೆ. ಅದರ ಸೀಟು ಎತ್ತರದಲ್ಲಿರುವುದರಿಂದ ಮಂಡಿಯನ್ನು ಹೆಚ್ಚು ಮಡಿಸದೆ, ಕುರ್ಚಿಯಿಂದ ಏಳುವಂತೆ ಇಳಿಯಬಹುದು. ತೋಟದ ದಾರಿಯ ಏರಿನಲ್ಲಿ ದಣಪೆ ತೆಗೆಯಲೆಂದು ನಿಲ್ಲಿಸಿ ಮತ್ತೆ ಹೊರಡುವಾಗ, ಬ್ರೇಕಿನಿಂದ ಕಾಲು ತೆಗೆದ ಕ್ಷಣವೇ ಗಾಡಿ ಹಿಂದಕ್ಕೆ ಜಾರದಂತೆ ತುಸು ಹೊತ್ತು ಹಿಡಿದುಕೊಳ್ಳುವ ಹಿಲ್ ಹೋಲ್ಡ್ ಸೌಲಭ್ಯವೂ ಇದೆ. ಎಎಂಟಿಯೊಳಗಿರುವುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತುವುದನ್ನೂ ಗೇರ್ ಹಾಕುವುದನ್ನೂ ಯಂತ್ರವೇ ಮಾಡುವುದರಿಂದ ಗೇರ್ ಬದಲಾಗುವಾಗ ಸಣ್ಣ ತಡವರಿಕೆ ಇರುತ್ತದೆ. ಅದು ಒಗ್ಗದಿದ್ದರೆ, ಬೆಲೆ ಹೆಚ್ಚಾದರೂ, ಹೋಂಡಾ ಅಮೇಜ್‌ನ ಸಿವಿಟಿ, ಅಂದರೆ ಗೇರಿನ ಹಂತಗಳಿಲ್ಲದೆ ನಯವಾಗಿ ಓಡುವ ಆಟೊಮ್ಯಾಟಿಕ್, ನೋಡಬಹುದು. ಆಗುಂಬೆ ಘಾಟಿ ಇಳಿಯುವಾಗ ಬ್ರೇಕನ್ನೇ ನಂಬದೆ, ಗೇರನ್ನು ನಾವೇ ಬದಲಿಸುವ ಮ್ಯಾನ್ಯುಯಲ್ ಮೋಡಿನಲ್ಲಿ ಕೆಳಗಿನ ಗೇರಿಗೆ ಹಾಕುವುದನ್ನು ಅವರಿಗೆ ಮೊದಲೇ ರೂಢಿ ಮಾಡಿಸಿ. ಟೆಸ್ಟ್ ಡ್ರೈವ್‌ಗೆ ಶಿವಮೊಗ್ಗದ ಸಪಾಟು ರಸ್ತೆ ಸಾಲದು, ಗಾಡಿಯನ್ನು ನಿಮ್ಮ ಮನೆಯ ಏರಿಗೇ ತರಿಸಿಕೊಳ್ಳಿ.