ಚಾರ್ಮಾಡಿ ಘಾಟಿಗೆ ಯಾವುದು ಸರಿ: ಹಳೆ ಸ್ವಿಫ್ಟ್ ಡೀಸೆಲ್ಲೋ, ಹಳೆ ಪೊಲೊ ಟಿಡಿಐಯೋ?

ಮೂಡಿಗೆರೆಯಲ್ಲಿ ಮನೆ, ಉಜಿರೆಯಲ್ಲಿ ಕೆಲಸ, ವಾರಕ್ಕೆ ಎರಡು ಸಲ ಘಾಟಿ ಇಳಿದು ಹತ್ತಬೇಕು, ಜೊತೆಗೆ ಹೆಂಡತಿ, ಚಿಕ್ಕ ಮಗು ಇರುತ್ತಾರೆ, ವರ್ಷಕ್ಕೆ ಸುಮಾರು 13,000 ಕಿ.ಮೀ. ಓಡಾಟ ಅಂತ ಬರೆದಿದ್ದೀರಿ. ನೋಡಿಟ್ಟಿರುವುದು 2015ರ ಸ್ವಿಫ್ಟ್ ವಿಡಿಐ, ಅದೇ ವರ್ಷದ ಪೊಲೊ ಹೈಲೈನ್ 1.5 ಟಿಡಿಐ, ಎರಡೂ ಡೀಸೆಲ್. ಬೆಲೆ ಹೆಚ್ಚುಕಡಿಮೆ ಒಂದೇ. ನಾನು ಸ್ವಿಫ್ಟ್ ಡೀಸೆಲ್ ಆರು ವರ್ಷ ಇಟ್ಟುಕೊಂಡಿದ್ದೆ. ಪೊಲೊ ನಮ್ಮ ಭಾವನದು, ಅದರಲ್ಲೂ ಈ ಘಾಟಿಯನ್ನು ಬೇಕಾದಷ್ಟು ಸಲ ಹತ್ತಿದ್ದೇನೆ. ನನ್ನನ್ನು ಕೇಳಿದರೆ ಪೊಲೊ ತಗೊಳ್ಳಿ. ಆದರೆ ಒಂದು ಬಿಲ್ ಕಣ್ಣಾರೆ ನೋಡಿದ ಮೇಲೆ ಮಾತ್ರ.

ಮೊದಲು ಪಿಕಪ್. ಸ್ವಿಫ್ಟ್‌ನದು 1248 ಸಿಸಿ, ಮೂಲತಃ ಫಿಯಟ್‌ನವರ ಎಂಜಿನ್. ಶಕ್ತಿ 74 ಬಿಎಚ್‌ಪಿ, ಎಳೆತ (ಟಾರ್ಕ್) 190 ಎನ್‌ಎಂ. ಪೊಲೊದು 1498 ಸಿಸಿ, 89 ಬಿಎಚ್‌ಪಿ, 230 ಎನ್‌ಎಂ. ಈ ಅಂಕಿಗಳಿಗಿಂತ, ಆ ಎಳೆತ ಎಷ್ಟು ಆರ್‌ಪಿಎಂಗೆ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ ಸಿಗುತ್ತದೆ ಅನ್ನುವುದೇ ಘಾಟಿಯಲ್ಲಿ ಮುಖ್ಯ. ಚಾರ್ಮಾಡಿಯಿಂದ ಕೊಟ್ಟಿಗೆಹಾರದ ಕಡೆ ಹತ್ತುತ್ತಿದ್ದೀರಿ ಅಂದುಕೊಳ್ಳಿ. ಹೇರ್‌ಪಿನ್ ತಿರುವಿನಲ್ಲಿ ಮುಂದಿನ ಬಸ್ಸು ನಿಂತಂತೆ ಆಗುತ್ತದೆ. ನೀವು ಸೆಕೆಂಡ್ ಗೇರ್‌ನಲ್ಲಿದ್ದೀರಿ, ಆರ್‌ಪಿಎಂ ಮುಳ್ಳು 1500ಕ್ಕೆ ಬಂದಿದೆ. ಸ್ವಿಫ್ಟ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಏನೂ ಆಗುವುದಿಲ್ಲ, ಗಾಡಿ ಗುರ್ ಅಂತ ಮುಲುಗುತ್ತದೆ. ಮುಳ್ಳು 2000 ದಾಟಿದ ಮೇಲೆ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಭಾಗ) ಒಮ್ಮೆಲೇ ಎಳೆಯುತ್ತದೆ. ಅಷ್ಟರಲ್ಲಿ ಇನ್ನೊಂದು ತಿರುವು ಬಂದಿರುತ್ತದೆ. ನಾಲ್ಕು ಜನ, ಲಗೇಜು ಇದ್ದರೆ ಫಸ್ಟ್‌ಗೆ ಇಳಿಸಲೇಬೇಕು. ಪೊಲೊದಲ್ಲಿ ಪೂರ್ತಿ ಎಳೆತ 1500ಕ್ಕೇ ಸಿಗುವುದರಿಂದ ಅದೇ ಸೆಕೆಂಡ್‌ನಲ್ಲಿ ನಿಧಾನವಾಗಿ, ಒಂದೇ ಸಮ ಹತ್ತುತ್ತದೆ. ವಾರಕ್ಕೆ ಎರಡು ಸಲ ಹತ್ತುವವರ ಎಡಗಾಲಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ತಿರುವಿನಲ್ಲಿ ಸ್ವಿಫ್ಟ್ ಚುರುಕು, ಅದನ್ನು ಒಪ್ಪಲೇಬೇಕು. ಸ್ಟಿಯರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗುತ್ತದೆ, ಪೇಟೆಯ ಸಂದಿಗೊಂದಿಗೂ ಅದೇ ಹಿತ. ಆದರೆ ವಿಡಿಐ ಟೈರ್ 165 ಮಿ.ಮೀ. ಅಗಲದ್ದು, ಹೈಲೈನ್‌ನದು 185. ಜುಲೈ ಮಳೆಯಲ್ಲಿ, ರಸ್ತೆ ಮೇಲೆ ನೀರು ಹರಿಯುವಾಗ, ಪೊಲೊ ನೆಲಕ್ಕೆ ಅಂಟಿಕೊಂಡ ಹಾಗೆ ಹೋಗುತ್ತದೆ. ಪೊಲೊದ ಹಿಂದಿನ ಸೀಟು ಮಾತ್ರ ಇಕ್ಕಟ್ಟು, ಉದ್ದ ಕಾಲಿನವರಿಗೆ ಕಷ್ಟ.

ನಾನು ಪೊಲೊ ಅನ್ನುವುದಕ್ಕೆ ದೊಡ್ಡ ಕಾರಣ ಬೇರೆ ಇದೆ. 2014ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್‌ನವರು ಎರಡನ್ನೂ ಡಿಕ್ಕಿ ಹೊಡೆಸಿ ನೋಡಿದ್ದರು. ಏರ್‌ಬ್ಯಾಗ್ ಇಲ್ಲದ ಸ್ವಿಫ್ಟ್‌ಗೆ ದೊಡ್ಡವರ ಸುರಕ್ಷತೆಯಲ್ಲಿ ಸೊನ್ನೆ ಸ್ಟಾರ್, ಎರಡು ಏರ್‌ಬ್ಯಾಗ್ ಇದ್ದ ಪೊಲೊಗೆ ನಾಲ್ಕು. ಏರ್‌ಬ್ಯಾಗ್ ಇಲ್ಲದ ಪೊಲೊಗೂ ಸೊನ್ನೆಯೇ ಬಂದಿತ್ತು, ಆದರೆ ಆ ವರ್ಷದಿಂದ ಇಲ್ಲಿ ಮಾರಿದ ಎಲ್ಲ ಪೊಲೊಗಳಲ್ಲೂ ಎರಡು ಏರ್‌ಬ್ಯಾಗ್ ಬಂದವು. ನೀವು ನೋಡಿರುವ ವಿಡಿಐನಲ್ಲಿ ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಎರಡೂ ಇಲ್ಲ ಅಂತ ನೀವೇ ಬರೆದಿದ್ದೀರಿ. ಮಂಜು ಮುಸುಕಿದಾಗ ಹತ್ತು ಅಡಿ ಮುಂದೆ ಕಾಣದ ರಸ್ತೆ ಅದು. ಮಗು ಕೂರಿಸಿಕೊಂಡು ಹೋಗಬೇಕು ಅಲ್ವಾ? ಇದೊಂದು ವಿಷಯದಲ್ಲಿ ದುಡ್ಡಿನ ಲೆಕ್ಕ ಬೇಡ.

ಆದರೂ ಖರ್ಚು ಗೊತ್ತಿರಲಿ. ನನಗೆ ಸ್ವಿಫ್ಟ್ ಲೀಟರಿಗೆ 20 ಕೊಡುತ್ತಿತ್ತು, ಭಾವನ ಪೊಲೊ 17 ಕೊಡುತ್ತದೆ. ನಿಮ್ಮ 13,000 ಕಿ.ಮೀ.ಗೆ ಒಂದಕ್ಕೆ 650 ಲೀಟರ್, ಇನ್ನೊಂದಕ್ಕೆ ಸುಮಾರು 765. ಡೀಸೆಲ್ 90 ರೂಪಾಯಿ ಅಂತ ಹಿಡಿದರೆ ವರ್ಷಕ್ಕೆ ಹತ್ತು ಸಾವಿರದಷ್ಟು ಜಾಸ್ತಿ. ಸರ್ವಿಸ್, ಬಿಡಿಭಾಗದ ರೇಟೂ ಪೊಲೊಗೆ ಹೆಚ್ಚು. ಸ್ವಿಫ್ಟ್ ಎಂಜಿನ್ನೇ ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾದಲ್ಲೂ ಇದ್ದದ್ದರಿಂದ ಯಾವ ಊರಿನ ಗ್ಯಾರೇಜಿನವರಿಗಾದರೂ ಅದು ಕೈಗೆ ಪಳಗಿದ ಕೆಲಸ. ಪೊಲೊಗೆ ಹಾಗಲ್ಲ. ಟಿಡಿಐ ಬಿಚ್ಚಿ ಅಭ್ಯಾಸವಿರುವ ಒಬ್ಬ ಮೆಕ್ಯಾನಿಕ್‌ನನ್ನು ಮೊದಲೇ ಹುಡುಕಿಕೊಳ್ಳಿ.

ಈಗ ಆ ಬಿಲ್. ಎಂಜಿನ್‌ನ ವಾಲ್ವ್, ಪಿಸ್ಟನ್ ತಾಳ ತಪ್ಪದ ಹಾಗೆ ಓಡಿಸಲು ಸ್ವಿಫ್ಟ್‌ನಲ್ಲಿ ಟೈಮಿಂಗ್ ಚೈನ್ ಇದೆ, ಪೊಲೊದಲ್ಲಿ ಟೈಮಿಂಗ್ ಬೆಲ್ಟ್. ಬೆಲ್ಟ್ ಹಳತಾಗಿ ಓಡುವಾಗ ಕಿತ್ತರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ವಾಟರ್ ಪಂಪ್ ಬದಲಾಯಿಸಿದ ಬಿಲ್ ಇದ್ದರೆ ಸರಿ. ಹತ್ತು ವರ್ಷದ ಗಾಡಿಗೆ ಅದು ಇಲ್ಲ ಅಂದರೆ ಆ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ, ಮನೆಗೆ ತಂದ ವಾರದಲ್ಲೇ ಮಾಡಿಸಿಬಿಡಿ. ಬಿಲ್ಲೂ ಇಲ್ಲ, ಬೆಲೆಯನ್ನೂ ಇಳಿಸುವುದಿಲ್ಲ ಅಂದರೆ ಆ ಪೊಲೊ ಬಿಟ್ಟು ಇನ್ನೊಂದು ಹುಡುಕಿ.

ಗಾಡಿ ನೋಡಲು ಬೆಳಿಗ್ಗೆ ಬೇಗ ಹೋಗಿ. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಫೋನ್ ಮಾಡಿ ಹೇಳಿ. ಹೋದವರೇ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇವೆ ಅಂತ ಹೇಳಿ ಬನ್ನಿ. ತಣ್ಣಗಿದ್ದರೆ ನೀವೇ ಸ್ಟಾರ್ಟ್ ಮಾಡಿ, ಒಬ್ಬರನ್ನು ಹಿಂದೆ ಹೊಗೆ ನೋಡಲು ನಿಲ್ಲಿಸಿ. ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿ ನೋಡುವುದನ್ನೂ ಮರೆಯಬೇಡಿ. ನಮ್ಮ ಮಲೆನಾಡಿನ ಮಳೆ ತಿಂದ ಗಾಡಿಗೆ ಅಲ್ಲೂ ಒದ್ದೆಯಾಗಿ ತುಕ್ಕು ಹಿಡಿದಿರಬಹುದು.